ಗ್ರಹಣಕ್ಕೆ ಸಿಕ್ಕ ನನ್ನ ಬಿಸಿಬೇಳೆ ಬಾತ್

2022ರ ಕಾರ್ತಿಕ ಹುಣ್ಣಿಮೆ. ಆ ಸಂಜೆ ಚಂದ್ರ ಗ್ರಹಣ ಹಿಡಿಸಿಕೊಂಡೇ ಹುಟ್ಟಿದ. ಊರಿಗೆಲ್ಲ ಅವತ್ತು ಒಂದೇ ಗ್ರಹಣ. ಮೈಸೂರಿನ ಹೂಟಗಳ್ಳಿಯ ಒಂದು ಮಸಾಲೆ ಪುಡಿ ಕಂಪನಿಗೆ ಮಾತ್ರ ಎರಡು. ಎರಡನೆಯದು ನಾನು.

ನಾನು ವಿಮಾನ ನಿಲ್ದಾಣದ ಪಕ್ಕದ ಮಂಡಕಳ್ಳಿಯವನು. ನಮ್ಮ ತಲೆಯ ಮೇಲೆ ವಿಮಾನ ಹಾರುತ್ತದೆ, ಕೆಳಗೆ ನಾನು ಸಿಟಿ ಬಸ್ಸಿನಲ್ಲಿ ನೇತಾಡುತ್ತೇನೆ. ಎಂಬಿಎ ಮುಗಿಸಿದ ವರ್ಷವೇ ಮಂಗಳಮ್ಮನವರ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕಂಪನಿ ಎಂದರೆ ಒಂದು ಶೆಡ್ಡು, ಎರಡು ಮಿಷನ್ನು, ಆರು ಜನ ಹೆಂಗಸರು ಮತ್ತು ಎಲ್ಲರಿಗೂ ದಿನವಿಡೀ ಸೀನು. ಹುಳಿಪುಡಿ, ಸಾರಿನಪುಡಿ ಮಾಡಿ ಹೆಸರಿಲ್ಲದ ಮೂಟೆಗಳಲ್ಲಿ ಹೋಟೆಲಿಗೆ ಕಳಿಸುತ್ತಿದ್ದರು. ತಮ್ಮ ಹೆಸರು ಬರೆದ ಪೊಟ್ಟಣ ಅಂಗಡಿಯಲ್ಲಿ ಕೂರಬೇಕು ಅನ್ನುವುದು ಮಂಗಳಮ್ಮನವರ ಬಹಳ ದಿನದ ಆಸೆ. ಎರಡು ಸಲ ಪ್ರಯತ್ನಿಸಿ ಸೋತಿದ್ದರು.

"ಇದೇ ಕೊನೇ ಸಲ ಕಣಪ್ಪ ಚೇತು," ಎಂದರು. "ಬಿಸಿಬೇಳೆ ಬಾತ್ ಪುಡಿ ಜನಕ್ಕೆ ಹಿಡಿಸ್ತು, ಸರಿ. ಇಲ್ಲಾಂದ್ರೆ ನಾನು ಮೂಟೆಗೆ ವಾಪಸ್, ನೀನು ಮನೆಗೆ ವಾಪಸ್."

ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಶೆಡ್ಡಿನ ಗೋಡೆಗೆ ಅಂಟಿಸಿದೆ. ನಮ್ಮ ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಚೌಕ ಬರೆದೆ. ಅಪಾಯದ ಚೌಕದಲ್ಲಿ 'ಮಳೆ, ಬೀದಿನಾಯಿ, ದೊಡ್ಡ ಕಂಪನಿಗಳು' ಎಂದು ತುಂಬಿಸಿ ಬೆನ್ನು ತಟ್ಟಿಕೊಂಡೆ. ನಮ್ಮ ಗಿರಾಕಿ ಯಾರು ಅನ್ನುವುದಕ್ಕೆ 'ಸಂಧ್ಯಾ, ಮೂವತ್ನಾಲ್ಕು ವರ್ಷ, ಇಬ್ಬರು ಮಕ್ಕಳು, ಕೆಲಸಕ್ಕೆ ಹೋಗುತ್ತಾಳೆ, ಸಮಯವಿಲ್ಲ' ಎಂದು ಒಬ್ಬಳನ್ನು ಸೃಷ್ಟಿಸಿ, ನೆಟ್ಟಿನಿಂದ ತೆಗೆದ ಫೋಟೋ ಹಾಕಿದೆ. ಹೆಂಗಸರು ಬೆಳಿಗ್ಗೆ ಬಂದವರೇ "ಏನ್ ಚೇತು, ಸಂಧ್ಯಾ ತಿಂಡಿ ತಿಂದ್ಲಾ? ಗಂಡ ಯಾವಾಗ್ ಬರ್ತಾನಂತೆ?" ಎಂದು ಕೇಳತೊಡಗಿದರು.

ಮೂರು ವಾರ ಹತ್ತಿರದ ಬಡಾವಣೆಯ ಪಾರ್ಕಿನಲ್ಲಿ ಕೂತು ಜನರನ್ನು ಎಣಿಸಿದೆ. ವಾಚ್‌ಮನ್ ನನ್ನನ್ನು ಕಳ್ಳನೆಂದು ಎರಡು ಸಲ ಓಡಿಸಿದ. ಮಂಗಳವಾರ ಸಂಜೆ ಪಾರ್ಕಿನ ಪಕ್ಕ ತರಕಾರಿ ಸಂತೆ ಇರುವುದರಿಂದ ಅವತ್ತೇ ಜನ ಜಾಸ್ತಿ ಎಂದು ಸಂಶೋಧಿಸಿದೆ. ಅಲ್ಲೇ ಒಲೆ ಹೂಡಿ, ಸಂಜೆ ಐದಕ್ಕೆ ಎಲ್ಲರಿಗೂ ಬಿಸಿಬಿಸಿ ಬಾತ್ ಪುಕ್ಕಟೆ ಕೊಡುವುದು ನನ್ನ ಯೋಜನೆ. ಎದುರಿನ ಪ್ರಾವಿಷನ್ ಸ್ಟೋರಿನ ಶೆಟ್ಟರು, "ಅವತ್ತು ಐವತ್ತು ಜನ ಪುಡಿ ಕೇಳ್ಕೊಂಡು ಬರ್ಲಿ, ಎದುರುಗಡೆ ಶೆಲ್ಫೇ ಬಿಟ್ಕೊಡ್ತೀನಿ" ಎಂದಿದ್ದರು.

ಇದಕ್ಕೆಲ್ಲ ಗೋಡೆಯುದ್ದದ ಚಾರ್ಟ್ ಮಾಡಿದೆ. ಅದರಲ್ಲಿ ತಾರೀಖೇ ಇರಲಿಲ್ಲ. ಮೊದಲನೇ ವಾರ, ಎರಡನೇ ವಾರ, ಹೀಗೆ. ತಾರೀಖು ಹಾಕಿದರೆ ದಿನಸಿ ಅಂಗಡಿ ಕ್ಯಾಲೆಂಡರ್ ತರಹ ಕಾಣುತ್ತದೆ ಅನ್ನಿಸಿತ್ತು. ಪುಡಿ ಜನರ ಮುಂದೆ ಬರುವ ದಿನ: ಆರನೇ ವಾರ, ಎರಡನೇ ದಿನ. ಅದರ ಹಿಂದಿನ ವಾರದಿಂದಲೇ, ಕೆಲಸಕ್ಕೆ ಹತ್ತಿರವೆಂದು, ಗೆಳೆಯನ ರೂಮಿನಲ್ಲಿದ್ದೆ. ಹಿಂದಿನ ದಿನ ಅಮ್ಮ ಮೂರು ಸಲ ಫೋನ್ ಮಾಡಿದಳು. "ಅಮ್ಮಾ, ಕ್ಯಾಂಪೇನಲ್ಲಿದೀನಿ!" ಎಂದು ಮೂರು ಸಲವೂ ಕಟ್ ಮಾಡಿದೆ.

ಮಂಗಳವಾರ ನಾಲ್ಕೂವರೆಗೆ ಪಾರ್ಕಿಗೆ ಹೋದರೆ ಸಂತೆಯೇ ಇಲ್ಲ. ಒಂದು ಕೊತ್ತಂಬರಿ ಕಟ್ಟು ಕೂಡ ಇಲ್ಲ. ಅಡುಗೆಗೆಂದು ಗೊತ್ತುಮಾಡಿದ್ದ ನಿಂಗರಾಜಣ್ಣ ತಣ್ಣಗಿನ ಒಲೆಯ ಪಕ್ಕ ಆರಾಮಾಗಿ ಕೂತಿದ್ದ. ಬೇಳೆ, ಅಕ್ಕಿ, ಪುಡಿಯ ಪೊಟ್ಟಣ, ಎಲ್ಲದರ ಮೇಲೂ ಒಂದೊಂದು ಗರಿಕೆ. ಅಲಂಕಾರ ಇರಬೇಕು ಅಂದುಕೊಂಡೆ. ಮೈಕ್ ಹಿಡಿದು ಕೂಗಿದೆ: "ಬನ್ನಿ ಬನ್ನಿ! ಇನ್ನೇನು ಬಿಸಿಬಿಸಿ ಬಾತ್ ರೆಡಿಯಾಗ್ತಾ ಇದೆ! ಪೂರ್ತಿ ಫ್ರೀ!"

ಪಟಪಟನೆ ಎರಡು ಕಿಟಕಿ ಮುಚ್ಚಿಕೊಂಡವು. ಮೂರನೆಯದರಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿದರು.

"ಯಾರ್ಲಾ ಅದು? ಬೆಳಿಗ್ಗೆಯಿಂದ ಬಾಯಿಗೆ ನೀರೂ ಬುಟ್ಟಿಲ್ಲ ನಾನು. ಗ್ರಹಣದೊತ್ತಲ್ಲಿ ಬಾತು ಬಾತು ಅಂತ ಬಡ್ಕೋತೀಯಲ್ಲ, ನಿಂಗೆ ಮನೇಲಿ ಏಳೋರಿಲ್ವಾ?"

ನನ್ನ ಕೈಯಿಂದ ಮೈಕ್ ಜಾರಿತು. ಅದು ಕೀಂ ಎಂದು ಅರಚುತ್ತಿರುವಾಗಲೇ ಒಲೆಯ ಕಡೆ ತಿರುಗಿದೆ.

"ನಿಂಗರಾಜಣ್ಣಾ, ನಿಂಗ್ ಗೊತ್ತಿತ್ತಾ?"

"ಇದೊಳ್ಳೆ ಚೆನ್ನಾಯ್ತು! ಇಡೀ ಮೈಸೂರಿಗೇ ಗೊತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ?"

"ನೀನು ಓದ್ದೋನು. ಏನೋ ಸ್ಟ್ರಾಟಜಿ ಇರ್ಬೇಕು ಅಂದ್ಕೊಂಡೆ ಕಣಪ್ಪ."

ಆಮೇಲೆ ಗೊತ್ತಾಯಿತು, ಶೆಡ್ಡಿನ ಆರೂ ಹೆಂಗಸರು ಹಾಗೇ ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ಮಂಗಳಮ್ಮನವರು ಸ್ಕೂಟರಿನಲ್ಲಿ ಬಂದಿಳಿದರು. ಮುಖದಲ್ಲಿ ಕೋಪವೇ ಇಲ್ಲ, ಬರೀ ಕುತೂಹಲ.

"ಹೂಂ, ಈಗ್ಲಾದ್ರೂ ಹೇಳಪ್ಪ. ಒಂದ್ ವಾರದಿಂದ ಕೇಳ್ಬೇಕು ಅಂತಿದ್ದೆ, ಗುಟ್ಟು ಅಂತ ಸುಮ್ನಿದ್ದೆ. ಗ್ರಹಣದ ದಿನಾನೇ ಯಾಕೆ ಇಟ್ಕೊಂಡೆ?"

ಏನಾದರೂ ಇಂಗ್ಲಿಷಿನಲ್ಲಿ ಹೇಳಿ ತಪ್ಪಿಸಿಕೊಳ್ಳೋಣ ಅನ್ನಿಸಿತು. ಆದರೆ ಅವರ ಕೈಯಲ್ಲಿ ಅವರ ಹೆಸರಿನ ಪೊಟ್ಟಣವಿತ್ತು. ಇದ್ದದ್ದನ್ನೇ ಹೇಳಿದೆ.

"ಸ್ಟ್ರಾಟಜಿ ಏನೂ ಇಲ್ಲ ಮೇಡಂ. ಕ್ಯಾಲೆಂಡರ್ ನೋಡ್ಲಿಲ್ಲ."

ಅವರು ಸ್ಕೂಟರಿನ ಸೀಟಿನ ಮೇಲೆ ಕೂತುಬಿಟ್ಟರು. ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಮಂಡಕಳ್ಳಿ ಬಸ್ಸಿನ ಸಮಯವನ್ನು ಮನಸ್ಸಿನಲ್ಲೇ ನೆನಪು ಮಾಡಿಕೊಳ್ಳತೊಡಗಿದೆ.

"ಚೇತು, ಗ್ರಹಣ ಬಿಟ್ಮೇಲೆ ನಿಮ್ಮನೇಲಿ ಏನ್ಮಾಡ್ತಾರೆ?"

"ಸ್ನಾನ ಮಾಡ್ತಾರೆ. ಮನೆ, ಒಲೆ ತೊಳೀತಾರೆ. ಆಮೇಲೆ ಹೊಸದಾಗಿ ಅಡುಗೆ."

"ಅಲ್ಲೀಗಂಟ ಹೊಟ್ಟೆ?"

"ಚುರುಚುರು ಅಂತಿರುತ್ತೆ."

"ಯಾರ ಮನೇಲಾದ್ರೂ ಒಂದ್ ತುತ್ತು ಮಾಡಿಟ್ಟಿದ್ದು ಇರುತ್ತಾ?"

ಇಲ್ಲ. ಇಡೀ ಬಡಾವಣೆಯಲ್ಲಿ ಇಲ್ಲ. ಆರೂಕಾಲರ ಸುಮಾರಿಗೆ ಗ್ರಹಣ ಬಿಡುತ್ತದೆ. ಪ್ರತಿ ಮನೆಯಲ್ಲೂ ಬೆಳಗಿನಿಂದ ಹಸಿದ ಹೊಟ್ಟೆ, ಖಾಲಿ ಪಾತ್ರೆ. ನನ್ನ ನಾಲ್ಕು ಚೌಕಗಳಲ್ಲಿ ಎಲ್ಲೂ ಇಲ್ಲದ ಅವಕಾಶ ಅದು. ಮಂಗಳಮ್ಮನವರೇ ಮೈಕ್ ಎತ್ತಿಕೊಂಡರು.

"ಅಮ್ಮಂದಿರಾ, ಗ್ರಹಣ ಬಿಟ್ಮೇಲೆ ನಾವೂ ಸ್ನಾನ ಮಾಡೇ ಒಲೆ ಹಚ್ತೀವಿ. ನಿಮ್ಮ ಕಣ್ಮುಂದೇನೇ ಬಿಸಿಬೇಳೆ ಬಾತ್ ಮಾಡ್ತೀವಿ. ನಿಮ್ಮನೆ ಪಾತ್ರೆ ತನ್ನಿ. ಇವತ್ತು ಒಲೆ ತೊಳ್ದು ಬಿಟ್ಬುಡಿ, ಹಚ್ಬೇಡಿ!"

ಮುಚ್ಚಿದ ಕಿಟಕಿಯೊಂದು ಸ್ವಲ್ಪ ತೆರೆಯಿತು. "ನಿಜ್ವಾಗ್ಲೂ ಸ್ನಾನ ಮಾಡ್ತೀರೇನ್ರೀ?" ಎಂದು ಒಬ್ಬರು ಕೇಳಿದರು.

ಅದಕ್ಕೆ ಸಾಕ್ಷಿ ನಾನೇ. ಗ್ರಹಣ ಬಿಟ್ಟದ್ದೇ ನಿಂಗರಾಜಣ್ಣ ಪಾರ್ಕಿನ ಗಿಡಗಳಿಗೆ ನೀರು ಬಿಡುವ ಪೈಪು ಹಿಡಿದು ಮೊದಲು ತಾನು ತಲೆ ನೆನೆಸಿಕೊಂಡ, ಆಮೇಲೆ ಕಂಪನಿ ಟೀ ಶರ್ಟಿನ ಸಮೇತ ನನ್ನನ್ನು ತೋಯಿಸಿದ. ನವೆಂಬರ್ ಚಳಿ. ನನ್ನ ಹಲ್ಲು ಕಟಕಟ ಅನ್ನುವುದಕ್ಕೆ ಬಾಲ್ಕನಿಗಳಿಂದ ಚಪ್ಪಾಳೆ. ಎರಡು ಸಲ ನನ್ನನ್ನು ಓಡಿಸಿದ ವಾಚ್‌ಮನ್ನೇ ನಲ್ಲಿ ಜೋರಾಗಿ ತಿರುಗಿಸುತ್ತಿದ್ದ.

ಏಳೂವರೆಯ ಹೊತ್ತಿಗೆ ತುಪ್ಪದ ಒಗ್ಗರಣೆ ಚುಂಯ್ ಎಂದಿತು. ಆ ಘಮಕ್ಕೆ ಗೇಟುಗಳು ತೆರೆದುಕೊಂಡವು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡವರು ಕುಕ್ಕರ್, ಡಬರಿ, ಟಿಫಿನ್ ಕ್ಯಾರಿಯರ್ ಹಿಡಿದು ಬಂದರು. ಸಾಲಿನಲ್ಲಿ ಮೊದಲು ನಿಂತವರು ನನಗೆ ಬೈದ ಪುಟ್ಟತಾಯಜ್ಜಿಯೇ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮಂಗಳಮ್ಮನವರು ಸೆರಗಿನ ತುದಿ ಹಿಡಿದು ನಿಂತೇ ಇದ್ದರು.

"ಪುಡಿ ಅಂಗ್ಡೀಲಿ ಸಿಗುತ್ತಾ ಮಗ?" ಎಂದು ಅಜ್ಜಿ ಕೇಳಿದರು.

ಮಂಗಳಮ್ಮನವರು ಸೆರಗು ಬಿಟ್ಟು ಶೆಟ್ಟರ ಅಂಗಡಿಯತ್ತ ಕೈ ತೋರಿಸಿದರು. ಎಂಟೂವರೆಗೆ ಶೆಟ್ಟರೇ ಓಡಿ ಬಂದರು. "ಇನ್ನೆಷ್ಟು ಪೊಟ್ಟಣ ಇದ್ರೂ ಕೊಡಿ ತಾಯಿ, ಐವತ್ತು ಆಗ್ಲೇ ದಾಟ್ತು. ಶೆಲ್ಫ್ ನಿಮ್ದೇ. ಅಲ್ಲಾ, ಗ್ರಹಣಕ್ಕೇ ಹೊಂದಿಸಿದ್ರಲ್ಲ, ಯಾರದ್ರೀ ಈ ಪ್ಲಾನು?"

ಮಂಗಳಮ್ಮ ನನ್ನ ಕಡೆ ನೋಡಿದರು. ನಾನು ಎದೆ ಉಬ್ಬಿಸುವಷ್ಟರಲ್ಲಿ ನಿಂಗರಾಜಣ್ಣ ಸೌಟು ಎತ್ತಿ, "ಚಂದ್ರಂದು ಕಣ್ರೀ!" ಎಂದ. ಮಂಗಳಮ್ಮನವರು ಕಣ್ಣೊರೆಸಿಕೊಂಡು ನಕ್ಕರು. ಹೊಗೆ ಅಂತ ಹೇಳಿದರು, ನಾನೂ ನಂಬಿದ ಹಾಗೆ ಮಾಡಿದೆ. ಅಮ್ಮನಿಗೆ ಫೋನ್ ಮಾಡಿ ಗ್ರಹಣದ ಕತೆಯೆಲ್ಲ ಹೇಳಿದೆ. "ಅದುಕ್ಕೇ ಕಣೋ ಕತ್ತೆ ನಾನು ನಿನ್ನೆ ಮೂರ್ ಸಲ ಫೋನ್ ಮಾಡಿದ್ದು!" ಎಂದಳು.

ನಾನು ಮನೆಗೆ ವಾಪಸಾಗಲಿಲ್ಲ. ಈಗಲೂ ಚಾರ್ಟ್ ಮಾಡುತ್ತೇನೆ, ಪಕ್ಕದಲ್ಲೇ ದಿನಸಿ ಅಂಗಡಿ ಕ್ಯಾಲೆಂಡರ್ ತೂಗುತ್ತದೆ. ಮಾಡಿದ ಮೇಲೆ ಆರೂ ಹೆಂಗಸರನ್ನು ಕೂರಿಸಿ, "ಸ್ಟ್ರಾಟಜಿ ಅಂತ ಸುಮ್ನಿರ್ಬೇಡಿ, ತಪ್ಪಿದ್ರೆ ಬಯ್ರಿ" ಅನ್ನುತ್ತೇನೆ. ಬಯ್ಯುತ್ತಾರೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಸಂಧ್ಯಾಳ ಫೋಟೋ ತೆಗೆದು ಅಲ್ಲಿ ಪುಟ್ಟತಾಯಜ್ಜಿಯ ಫೋಟೋ ಹಾಕಿದ್ದೇವೆ. ಹೊಸ ಪುಡಿ ಮಾಡಿದಾಗಲೆಲ್ಲ ಮೊದಲ ರುಚಿ ಅವರದೇ.

ಮುಂದಿನ ವರ್ಷ ಮತ್ತೊಂದು ಚಂದ್ರಗ್ರಹಣ ಬಂತು. ಎರಡು ದಿನ ಮೊದಲೇ ಅಜ್ಜಿ ಫೋನ್ ಮಾಡಿದರು.

"ಚೇತು, ಈ ಸಲ ರಾತ್ರಿ ಎರಡೂವರೆ ಒತ್ಗೆ ಬುಡುತ್ತಂತೆ ಗ್ರಹಣ. ಪಾತ್ರೆ ತೊಳ್ದಿಟ್ಟಿರ್ತೀನಿ. ಪೈಪಲ್ಲಿ ನೀರು ಬರ್ತದಾ ಅಂತ ಈಗ್ಲೇ ನೋಡ್ಕೊಂಬುಡು."