ಕಲ್ಕತ್ತೆಯ ಸೂಪುಗಳನ್ನು ಬಲ್ಲ ಲೀಲಾ

ಕಲ್ಕತ್ತೆಯಲ್ಲಿ ಒಳ್ಳೆಯ ನೂಡಲ್ ಸೂಪ್ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ನಗು ಬರುತ್ತದೆ. ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳು. ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೂ ನನ್ನ ಸೆರಗು ಮೂಗಿಗೆ ಹೋಗುತ್ತದೆ. ಆದರೂ ಈ ಊರಿನ ಸೂಪಿನಂಗಡಿಗಳಲ್ಲಿ ನಾನು ಕೂರದ ಬೆಂಚಿಲ್ಲ. ನಾನು ಚಹಾ ಕುಡಿಯುತ್ತಾ ಕೂತಿರುತ್ತಿದ್ದೆ, ಎದುರಿಗೆ ಲೀಲಾ ಬಟ್ಟಲಿಗೆ ಮುಖವಿಟ್ಟು ಕೂತಿರುತ್ತಿದ್ದಳು. ಇದು ಅವಳ ಕತೆ. ಹೊಗಳಿಕೆ ಅತಿಯಾಯಿತು ಅನ್ನಿಸಿದರೆ ಅನ್ನಿಸಲಿ, ನಾನು ಕಡಿಮೆ ಮಾಡುವವಳಲ್ಲ.

ಲೀಲಾ ಉಡುಪಿ ಕಡೆಯವಳು. ಗಂಡ ಶ್ಯಾಮಸುಂದರ ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಎಂಜಿನಿಯರ್. ಅವಳಿಗೆ ಡಾಲ್‌ಹೌಸಿಯ ದೊಡ್ಡ ಅಂಚೆ ಕಚೇರಿಯಲ್ಲಿ ಕೆಲಸ. ಟಾಲಿಗಂಜಿನಲ್ಲಿ ಅವರ ಮನೆ ಮೇಲೆ, ನಮ್ಮದು ಕೆಳಗೆ. ಹೊಸದಾಗಿ ಬಂದಾಗ ಅವಳಿಗೆ ಬಂಗಾಳದ ಊಟ ಹಿಡಿಸಲಿಲ್ಲ. ಸಾಸಿವೆ ಎಣ್ಣೆಯ ಘಾಟಿಗೆ ಸೊರಗಿ ಕಡ್ಡಿಯಾಗಿದ್ದಳು. ಹಾಗಿರುವಾಗ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಟಿರೆಟ್ಟಾ ಬಜಾರಿನ ಗಲ್ಲಿಯೊಳಗೆ ಹೋಗಿ ಚೀನಾದವರ ಅಂಗಡಿಯೊಂದರಲ್ಲಿ ಬಿಳಿ ಎಳೆಗಳ ಕೋಳಿ ಸೂಪು ಕುಡಿದು ಬಂದಳು. ಸಂಜೆ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೇಬಿಟ್ಟಳು. ಊರಲ್ಲಿ ಅವಳ ತಾಯಿ ಮಾಡುತ್ತಿದ್ದ ಸೇಮಿಗೆ, ಅಂದರೆ ಅಕ್ಕಿಯ ಒತ್ತು ಶ್ಯಾವಿಗೆ, ಅದರ ಮೇಲೆ ಹೊಯ್ಯುವ ಕೋಳಿ ಸಾರು, ಎಲ್ಲಾ ಆ ಬಟ್ಟಲಲ್ಲಿ ಇತ್ತಂತೆ.

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಭಾನುವಾರ ಬಂದರೆ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಹೊರಡುತ್ತಿದ್ದಳು. ಶ್ಯಾಮಸುಂದರರಿಗೆ ಭಾನುವಾರವೆಂದರೆ ನಿದ್ದೆ, ಹಾಗಾಗಿ ಜೊತೆಗೆ ನಾನು. ಬೆಳಗಾಗುತ್ತಲೇ ಟಿರೆಟ್ಟಾ ಬಜಾರಿನ ಬೀದಿಬದಿಯಲ್ಲಿ ಮೀನುಂಡೆಯ ಸೂಪು, ಇನ್ನೊಂದು ವಾರ ಎಲ್ಗಿನ್ ರಸ್ತೆಯ ಹಿಂದಿನ ಟಿಬೆಟಿಯನ್ನರ ಗೂಡಂಗಡಿಗಳಲ್ಲಿ ಥುಕ್ಪಾ ಎನ್ನುವ ಅವರ ನೂಡಲ್ ಸೂಪು, ಬರ್ಮಾದಿಂದ ಬಂದು ನೆಲೆಸಿದ ಬಂಗಾಳಿ ಮನೆಯೊಂದರಲ್ಲಿ ತೆಂಗಿನ ಹಾಲಿನ ನೂಡಲ್ಸು, ಆಮೇಲೆ ಚೀನಾದವರ ಇನ್ನೊಂದು ಕೇರಿಯಾದ ಟಾಂಗ್ರಾ. ಪಾರ್ಕ್ ಸ್ಟ್ರೀಟಿನ ಕೆಂಪು ಲಾಟೀನು ನೇತುಹಾಕಿದ ಹೋಟೆಲುಗಳ ಕಡೆ ಮೂಗು ಮುರಿಯುತ್ತಿದ್ದಳು. ಅಲ್ಲಿ ಸೂಪಿಗೆ ಮೆಕ್ಕೆಜೋಳದ ಹಿಟ್ಟು ಕಲಸಿ ಗಂಜಿ ಮಾಡಿಡುತ್ತಾರೆ ಅನ್ನುವುದು ಅವಳ ಸಿಟ್ಟು.

ಅಂಗಡಿ ಗೊತ್ತುಮಾಡುವುದಕ್ಕೆ ಅವಳದೇ ಕ್ರಮವಿತ್ತು. ಮೊದಲು ಬೆಂಚಿನಲ್ಲಿ ಯಾರು ಕೂತಿದ್ದಾರೆ ನೋಡುವುದು. ಮುದುಕರು ಒಬ್ಬರೇ ಬಂದು, ಮಾತಿಲ್ಲದೆ ಕುಡಿದು ಹೋಗುತ್ತಿದ್ದರೆ ಅದು ಒಳ್ಳೆಯ ಗುರುತು. ಆಮೇಲೆ ಎಳೆ ಬೇಡ, ಬರೀ ರಸ ಕೊಡಿ ಎಂದು ಚಿಕ್ಕ ಲೋಟದಲ್ಲಿ ಇಸಿದುಕೊಂಡು, ಬಾಯಲ್ಲಿ ತುಂಬಿಕೊಂಡು ಕಣ್ಣು ಮುಚ್ಚುವುದು. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಿದರೆ ಮುಗಿಯಿತು, ದಿನವಿಡೀ ಮುಖ ಊದಿಸಿಕೊಂಡಿರುತ್ತಾಳೆ. ನುಂಗಿದ ಮೇಲೆ ಒಂದೇ ಮಾತು: "ಉಂಟು" ಅಥವಾ "ಇಲ್ಲ". ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಸ್ವಂತ ಅತ್ತಿಗೆಯ ಪಾಯಸಕ್ಕೂ "ಇಲ್ಲ" ಎಂದು ಊರಲ್ಲಿ ಎರಡು ವರ್ಷ ಮಾತು ಬಿಡಿಸಿಕೊಂಡವಳು.

ಐಟಿ ಕಾಲ ಬಂತು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದವು, ಬೆಂಗಳೂರಿನ ಹುಡುಗ ಹುಡುಗಿಯರು ಬಂದಿಳಿದರು. ನಮ್ಮ ಕನ್ನಡ ಸಂಘದ ಯುಗಾದಿಗೆ ಕುರ್ಚಿ ಸಾಲದಷ್ಟು ಜನ. ಅವರಲ್ಲಿ ನಿತಿನ್ ಎಂಬ ಹುಡುಗ ಲೀಲಾಳ ಭಾನುವಾರಗಳ ಬಗ್ಗೆ ಕೇಳಿ ಬೆನ್ನು ಹತ್ತಿದ. ಅವಳು ಹೇಳಿದ್ದನ್ನೆಲ್ಲ ಮೊದಲನೆಯದು, ಎರಡನೆಯದು ಎಂದು ಸಾಲಾಗಿಟ್ಟು ಇಂಟರ್‌ನೆಟ್ಟಿಗೆ ಹಾಕಿ ಒಂದು ಪುಟ ಮಾಡಿದ. ನೋಡನೋಡುತ್ತ ಅದು ಆಫೀಸಿನಿಂದ ಆಫೀಸಿಗೆ ಹಬ್ಬಿತು. ಗುರುತಿಲ್ಲದ ಹುಡುಗರು ಟಾಂಗ್ರಾದಲ್ಲಿ ಅವಳನ್ನು ಕಂಡು "ಲೀಲಾ ಆಂಟಿ ಅಲ್ವಾ" ಎಂದು ಕೈ ಮುಗಿಯುತ್ತಿದ್ದರು. ಜಂಬ ಅವಳಿಗೆ ಬಂತೋ ಇಲ್ಲವೋ ಕಾಣೆ, ನನಗಂತೂ ಬಂದಿತ್ತು.

ಅದೇ ಹೊತ್ತಿಗೆ ಅವಳ ಮಗಳು ಶ್ರಾವ್ಯ ಹೆನ್ರಿಯನ್ನು ಮೆಚ್ಚಿದಳು. ಹೆನ್ರಿ ಅವಳ ಆಫೀಸಿನವನೇ, ಟಾಂಗ್ರಾದ ಹಕ್ಕಾ ಪಂಗಡದ ಚೀನೀ ಮನೆಯ ಹುಡುಗ. ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ಊರಾಚೆ ಸಾಗಿಸಿದಾಗ ಅವರಪ್ಪ ಕಾರ್ಖಾನೆಯ ಜಾಗದಲ್ಲೇ ಹೋಟೆಲು ತೆರೆದಿದ್ದರು. ಲೀಲಾ, ಶ್ಯಾಮಸುಂದರ ಇಬ್ಬರೂ ಒಪ್ಪಿದರು. ಹುಡುಗನ ಅಪ್ಪ ಅಮ್ಮನೂ ಒಪ್ಪಿದರು. ಉಳಿದದ್ದು ಅವನ ಅಜ್ಜಿ. ಆಪೋ ಎಂದು ಎಲ್ಲರೂ ಕರೆಯುವ ಆಕೆ ಹೂಂ ಅನ್ನದೆ ಆ ಮನೆಯಲ್ಲಿ ಯಾರ ಮದುವೆಯೂ ಆದದ್ದಿಲ್ಲ. ಆಪೋ ಇನ್ನೂ ಹೂಂ ಅಂದಿರಲಿಲ್ಲ. ಶ್ರಾವ್ಯ ಊಟ ಬಿಟ್ಟು ಇಳಿದುಹೋಗಿದ್ದಳು.

ಆಪೋಗೆ ಎಂಬತ್ತು ತುಂಬಿದ ಹುಟ್ಟುಹಬ್ಬಕ್ಕೆ ನಮಗೆ ಕರೆ ಬಂತು. ಹುಡುಗಿಯ ಮನೆಯವರನ್ನು ನೋಡಬೇಕು ಅಂತ ಅಜ್ಜಿಯೇ ಹೇಳಿಕಳಿಸಿದ್ದು. ಶ್ರಾವ್ಯ ಹಿಂದಿನ ದಿನವೆಲ್ಲ ನಮಗೆ ಪಾಠ ಮಾಡಿದಳು. ಹುಟ್ಟುಹಬ್ಬದ ನೂಡಲ್ಸು ಉದ್ದಕ್ಕಿರುತ್ತದೆ, ಅದು ಹುಟ್ಟುಹಬ್ಬದವರ ಆಯುಷ್ಯದ ಎಳೆ, ಕತ್ತರಿಸಬಾರದು, ಕಚ್ಚಿ ತುಂಡು ಮಾಡಬಾರದು, ಹಾಗೇ ಎಳೆದುಕೊಳ್ಳಬೇಕು. ಲೀಲಾ ನಕ್ಕಳು. ಅಷ್ಟು ವರ್ಷ ಚೀನಾದವರ ಬೆಂಚಿನಲ್ಲಿ ಕೂತವಳಿಗೆ ಅದು ಗೊತ್ತಿಲ್ಲವೇ? ನಿತಿನನ ಪುಟದಲ್ಲಿ ಅದನ್ನು ಬರೆಸಿದ್ದೇ ಅವಳು.

ದೊಡ್ಡ ದುಂಡು ಮೇಜು. ಆಪೋ ನಡುವೆ, ಕೆಂಪು ಅಂಗಿ, ಹಕ್ಕಿಯಂಥ ಪುಟ್ಟ ದೇಹ, ಕಣ್ಣು ಮಾತ್ರ ಚೂಪು. ಪಕ್ಕದಲ್ಲಿ ಹೆನ್ರಿಯ ಅಪ್ಪ. ನನ್ನ ಮುಂದೆ ಬೇಯಿಸಿದ ಸೊಪ್ಪು ಮತ್ತು ಚಹಾ. ಆ ಮನೆಯ ಪದ್ಧತಿಯಂತೆ ಬೆಂದ ಎಳೆಗಳನ್ನು ಮೊದಲು ಬಟ್ಟಲಿಗೆ ಹಾಕಿಡುತ್ತಾರೆ, ಆಮೇಲೆ ಹಿರಿಯರು ಬಿಸಿ ರಸ ಹೊಯ್ಯುತ್ತಾರೆ. ಲೀಲಾಳ ಮುಂದೆ ಬಟ್ಟಲು ಬಂತು. ಬಿಳಿ, ಸಣ್ಣ, ಸುರುಳಿ ಸುರುಳಿ ಎಳೆ. ಒಳಗಿನಿಂದ ಕೋಳಿ ರಸದ ಪರಿಮಳ ಬರುತ್ತಿತ್ತು. ಲೀಲಾ ಮಗಳ ಮುಖವನ್ನೇ ನೋಡುತ್ತಾ ಕೂತಿದ್ದಳು. ಅವಳ ಬಲಗೈ ತನ್ನಷ್ಟಕ್ಕೆ ಬಟ್ಟಲಿಗೆ ಹೋಗಿ ಎಳೆಗಳನ್ನೆಲ್ಲ ಹಿಸುಕಿ ಮುರಿದು ಹರಡಿತು.

ಅವರ ಊರಲ್ಲಿ ಸೇಮಿಗೆ ತಿನ್ನುವುದು ಹಾಗೆಯೇ. ಸಾರು ಬರುವ ಮೊದಲು ಕೈಯಲ್ಲಿ ಮುರಿದು ಬಿಡಿಸಿಡಬೇಕು, ಆಗಲೇ ಸಾರು ಒಳಗೆ ಇಳಿಯುತ್ತದೆ. ಹಾಲು ಹಲ್ಲಿನ ವಯಸ್ಸಿನಿಂದ ಕಲಿತ ಕೈ ಅದು. ಹೆನ್ರಿಯ ಸೋದರತ್ತೆಯೊಬ್ಬರು ಬಾಯಿಗೆ ಕೈ ಇಟ್ಟುಕೊಂಡರು. ಲೀಲಾ ತನ್ನ ಬೆರಳುಗಳನ್ನು ನೋಡಿಕೊಂಡಾಗಲೇ ಅವಳಿಗೆ ತಿಳಿದದ್ದು. ಶ್ರಾವ್ಯಳ ಮುಖದಲ್ಲಿ ರಕ್ತವಿರಲಿಲ್ಲ. ಮುಗಿಯಿತು ಈ ಮದುವೆ ಅಂದುಕೊಂಡೆ.

ಲೀಲಾ ಎದ್ದು ನಿಂತು ತನ್ನ ಹರಕು ಹಿಂದಿಯಲ್ಲಿ ತಪ್ಪಾಯಿತು ಎಂದಳು. ಆಪೋ ಮುಖದಲ್ಲಿ ಏನೂ ಕಾಣಲಿಲ್ಲ. ಪರಿಸ್ಥಿತಿ ತಿಳಿಮಾಡಲು ಹೆನ್ರಿಯ ಅಪ್ಪ ನಗುತ್ತಾ, ಈಕೆಯೇ, ಅಮ್ಮಾ, ಊರಿನ ಸೂಪುಗಳನ್ನೆಲ್ಲ ಬಲ್ಲವರು, ಆಫೀಸಿನ ಹುಡುಗರೆಲ್ಲ ಇವರ ಮಾತು ಕೇಳಿಯೇ ನಮ್ಮ ಕಡೆ ಬರುವುದು ಎಂದು ಬಿಡಿಸಿ ಹೇಳಿದರು. ಆಪೋ ಎಳೆಯ ಬಟ್ಟಲನ್ನು ಬದಿಗೆ ಸರಿಸಿ, ಒಂದು ಲೋಟಕ್ಕೆ ಬರೀ ರಸ ಬಗ್ಗಿಸಿ ಲೀಲಾಳ ಮುಂದಿಟ್ಟರು. ಹಾಗಾದರೆ ಕುಡಿದು ಹೇಳು, ನನ್ನದು ಊರಿನಲ್ಲಿ ಎಷ್ಟನೆಯದು ಎಂದರು.

ಬಚಾವಾದೆವು ಅನ್ನಿಸಿತು ನನಗೆ. ಮೊದಲನೆಯದು ಅಂದುಬಿಟ್ಟರೆ ಮುರಿದ ಎಳೆಯನ್ನು ಎಲ್ಲರೂ ಮರೆಯುತ್ತಾರೆ. ಮೇಜಿನಡಿಯಲ್ಲಿ ಲೀಲಾಳ ತೊಡೆ ಚಿವುಟಿದೆ. ಶ್ರಾವ್ಯ ಕನ್ನಡ ಹಿಂದಿ ಎರಡನ್ನೂ ಕಲಸಿ ಪಿಸುಗುಟ್ಟಿದಳು: "ಅಮ್ಮಾ, ಪ್ಲೀಸ್, ಅಚ್ಛಾ ಅಂತ ಹೇಳು."

ಲೀಲಾ ರಸವನ್ನು ಬಾಯಲ್ಲಿ ತುಂಬಿಕೊಂಡು ಕಣ್ಣು ಮುಚ್ಚಿದಳು. ನುಂಗಿದಳು. ಕಣ್ಣು ತೆರೆದು ಮಗಳನ್ನು ಒಂದು ಸಲ ನೋಡಿದಳು. ಆಮೇಲೆ ಆಪೋ ಕಡೆ ತಿರುಗಿ ಮೂರನೆಯದು ಎಂದಳು.

ಯಾಕೆ ಎಂದು ಆಪೋ ಕೇಳಿದರು. ಮೂಳೆ ಚೆನ್ನಾಗಿ ಬೆಂದಿದೆ, ಪಳಗಿದ ಕೈ ಎಂದು ಗೊತ್ತಾಗುತ್ತದೆ, ಆದರೆ ಕೊನೆಯಲ್ಲಿ ಯಾರೋ ಅಂಗಡಿಯ ರುಚಿಪುಡಿ ಸುರಿದಿದ್ದಾರೆ, ಅದು ನಾಲಿಗೆಯ ಮೇಲೆ ಕೂತುಬಿಟ್ಟು ಹಿಂದಿನದೇನೂ ತಿಳಿಯುವುದಿಲ್ಲ ಎಂದಳು ಲೀಲಾ. ಆಪೋ ನಿಧಾನವಾಗಿ ಮಗನ ಕಡೆ ತಿರುಗಿದರು. ಹೋಟೆಲು ನಡೆಸುವ, ನೆರೆಗೂದಲಿನ ಆ ಮನುಷ್ಯ ತಲೆ ತಗ್ಗಿಸಿದರು. ಅವರಿಬ್ಬರ ನಡುವೆ ಹಕ್ಕಾ ಭಾಷೆಯಲ್ಲಿ ಏನೇನೋ ನಡೆಯಿತು. ಹೆನ್ರಿ ನಮಗೆ ಮೆಲ್ಲಗೆ ತಿಳಿಸಿದ. ಹೋದ ವರ್ಷದ ಜ್ವರದ ನಂತರ ಆಪೋಗೆ ರುಚಿಯೇ ತಿಳಿಯುತ್ತಿಲ್ಲ. ಈಗಲೂ ಸೂಪು ತಾವೇ ಕುದಿಸುತ್ತಾರೆ, ಒಮ್ಮೆ ಉಪ್ಪಿಲ್ಲ, ಒಮ್ಮೆ ಉಪ್ಪೇ ಉಪ್ಪು. ಅವರಿಗೆ ನೋವಾಗಬಾರದೆಂದು ಮನೆಯವರು ಹಿಂದಿನಿಂದ ಸರಿಮಾಡಿ, ಪುಡಿ ಹಾಕಿ, ಎಂದಿನಂತೆಯೇ ಇದೆ ಎಂದು ಹೊಗಳುತ್ತಾ ಬಂದಿದ್ದರು.

ಆಪೋ ಅಳುತ್ತಾರೇನೋ ಎಂದು ನಾನು ಹೆದರಿದೆ. ಅವರು ಅಳಲಿಲ್ಲ. ಕೋಲೂರಿ ಎದ್ದು ಲೀಲಾಳ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಇನ್ಯಾರೂ ಒಳಗೆ ಬರಕೂಡದೆಂದು ಬಾಗಿಲಲ್ಲೇ ಗದರಿಸಿದರು. ಮೇಜಿನ ಸುತ್ತ ನಾವೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಕೂತೆವು. ಶ್ಯಾಮಸುಂದರ ನನ್ನ ಚಹಾವನ್ನೂ ಕುಡಿದು ಮುಗಿಸಿದರು. ಸಿಟ್ಟು ಬರುತ್ತಿತ್ತು ನನಗೆ ಲೀಲಾಳ ಮೇಲೆ. ಮಗಳ ಬಾಳಿಗಿಂತ ಹೆಚ್ಚಾಯಿತೇ ಇವಳಿಗೆ ಒಂದು ಲೋಟ ಸೂಪು? ಆದರೆ ನಿಜ ಹೇಳುತ್ತೇನೆ, ಆ ಸಿಟ್ಟಿನ ಅಡಿಯಲ್ಲಿ ಹೆಮ್ಮೆಯೂ ಕುದಿಯುತ್ತಿತ್ತು. ಅಷ್ಟು ಜನ ಪ್ರೀತಿಯಿಂದಲೇ ಸುಳ್ಳು ಹೇಳುತ್ತಿದ್ದ ಮೇಜಿನಲ್ಲಿ, ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ಅವಳು. ಅವಳೇ ನಿಜ ಹೇಳಿದ್ದಳು.

ಒಳಗಿನಿಂದ ಸೌಟಿನ ಸದ್ದು, ಹರಕು ಹಿಂದಿ, ಆಗಾಗ ಆಪೋ ಬೈಗುಳ. ಅವರು ಹಾಕುತ್ತಿದ್ದರು, ಇವಳು ರುಚಿ ನೋಡಿ ಸಾಕು ಬೇಕು ಅನ್ನುತ್ತಿದ್ದಳು. ಬಹಳ ಹೊತ್ತಾದ ಮೇಲೆ ಇಬ್ಬರೂ ಬೆವರು ಒರೆಸಿಕೊಂಡು ಹೊರಗೆ ಬಂದರು. ಎಲ್ಲರ ಬಟ್ಟಲಿಗೂ ಹೊಸ ರಸ ಬಂತು. ಲೀಲಾ ಈ ಸಲ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕಾದಳು. ಮುರಿದ ಎಳೆಯ ಮಾತನ್ನು ಸೋದರತ್ತೆ ಮತ್ತೆ ತೆಗೆದರು. ಎಂಬತ್ತು ವರ್ಷ ಉದ್ದ ಸಾಲದೇ ಎಂದು ಆಪೋ ಅವರ ಬಾಯಿ ಮುಚ್ಚಿಸಿದರು.

ಹೆನ್ರಿಯ ಅಪ್ಪ ಕುಡಿದರು, ಅವರ ಕಣ್ಣಲ್ಲಿ ನೀರಿತ್ತು. ನಿತಿನನ ಪುಟ ತಿದ್ದಬೇಕಾಗುತ್ತದೆ ಎಂದು ನಾನು ಲೀಲಾಳ ಕಿವಿಯಲ್ಲಿ ಹೇಳಿದೆ. ಆಪೋ ಇವಳನ್ನೇ ನೋಡುತ್ತಿದ್ದರು. ಈಗ ಎಷ್ಟನೆಯದು ಎಂದು ಕೇಳಿದರು.

ಈಗಲಾದರೂ ಬಾಯಿಗೆ ಬೀಗ ಹಾಕಬಾರದೇ ಅವಳು? "ಎರಡನೆಯದು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಮಾಡ್ಲಿ ವೇಣಿ, ಇನ್ನೂ ಚೂರು ಬಾಕಿ ಉಂಟು ಮಾರಾಯ್ತಿ" ಎಂದಳು.

ಆಪೋ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಮೇಜಿನ ಆಚೆಗೆ ಕೈ ಚಾಚಿ ಶ್ರಾವ್ಯಳ ಕೈ ಹಿಡಿದು ಹೆನ್ರಿಯ ಕೈಯಲ್ಲಿಟ್ಟರು. ಲೀಲಾಳ ಕಡೆ ಬೆರಳು ತೋರಿಸಿ, ಹಿಂದಿಯಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ, ನಿಧಾನವಾಗಿ ಹೇಳಿದರು:

"ಬೇಗ ಮದುವೆ ಮಾಡಿ. ನನಗೆ ಈಕೆಯ ನಾಲಿಗೆ ಬೇಕು."