ಪ್ರೆಸ್ ಶಾಪಿನ ಕಿವಿ

ನನ್ನ ಹೆಂಡತಿಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಎಂದೇ ನಾನು ನಂಬಿದ್ದೆ. ಅರ್ಧ ಮಾತು ನುಂಗಿಬಿಡುತ್ತಾಳೆ ಎಂದು ನನ್ನ ತಕರಾರು. "ಬಾಯಲ್ಲಿ ಏನ್ ಇಟ್ಕೊಂಡಿದೀಯ? ಬಿಡಿಸಿ ಹೇಳು!" ಎಂದು ದಿನಾ ರೇಗುತ್ತಿದ್ದೆ. ಗಂಟಲು ನೋವೆಂದು ಅವಳು ಕಾಳುಮೆಣಸಿನ ಕಷಾಯ ಕಾಯಿಸಿಕೊಂಡರೆ ಅದಕ್ಕೂ ನನ್ನದೊಂದು ಕೊಂಕು, ಮಾತೇ ಆಡದವಳಿಗೆ ಗಂಟಲು ನೋವು ಎಲ್ಲಿಂದ ಬಂತು ಅಂತ. ರಾಜಗೋಪಾಲನಗರದ ನಮ್ಮ ವಠಾರದ ಓನರಮ್ಮ ಎದುರು ಸಿಕ್ಕಾಗಲೆಲ್ಲ, "ಅದೇನ್ ದಿನಾ ಜಗಳ ಆಡ್ತೀರಪ್ಪ ಗಂಡ ಹೆಂಡ್ತಿ" ಎನ್ನುತ್ತಿದ್ದರು. ಜಗಳವಂತೆ ಜಗಳ, ಮುದುಕಿಗೆ ಅರಳು ಮರಳು ಎಂದುಕೊಂಡು ಒಳಗೆ ಹೋಗುತ್ತಿದ್ದೆ.

ಪೀಣ್ಯದ ಪ್ರೆಸ್ ಶಾಪಿನಲ್ಲಿ ನನಗೆ ಇಂಥ ತೊಂದರೆಯೇ ಇರಲಿಲ್ಲ. ತಗಡಿನ ಶೆಡ್ಡು, ಒಳಗೆ ಸಾಲಾಗಿ ಪವರ್ ಪ್ರೆಸ್‌ಗಳು, ಶಿಫ್ಟು ಮುಗಿಯುವ ತನಕ ಧಡ್ ಧಡ್ ಎಂದು ಲೋಹ ಕತ್ತರಿಸುವ ಸದ್ದು. ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಹಾಗಾಗಿ ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುತ್ತೇವೆ. ಹೆಬ್ಬೆರಳು ಬಾಯಿಗೆ ತಂದರೆ ಟೀ, ಮೀಸೆ ತಿರುವಿದರೆ ಮಾಲೀಕ ಬಂದ ಎಂದರ್ಥ. ಕಂಪನಿ ಕೊಟ್ಟ ಇಯರ್ ಪ್ಲಗ್ಗು ಕತ್ತಿನಲ್ಲಿ ತಾಳಿಯ ಹಾಗೆ ನೇತಾಡುತ್ತಿತ್ತು. ಅದನ್ನು ಕಿವಿಗೆ ಹಾಕಿಕೊಂಡವನನ್ನು "ಏನ್ ಗುರು, ನಿದ್ದೆ ಬಂತಾ?" ಎಂದು ಗೇಲಿ ಮಾಡುವುದರಲ್ಲಿ ನಾನೇ ಮುಂದು.

ಇಂಥ ನಮಗಾಗಿ ಮಾಲೀಕರ ಸಂಘದವರು, ಯೂನಿಯನ್‌ನವರು, ಆಸ್ಪತ್ರೆಯವರು ಸೇರಿ ಸಮಿತಿ ಮಾಡಿದರು. ಮಾಲೀಕರೂ ಯೂನಿಯನ್‌ನವರೂ ಮುಖ ಕೊಟ್ಟು ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ. ಈಗ ಒಂದೇ ಬೆಂಚಿನಲ್ಲಿ ಕೂತು, ಶೆಡ್ಡಿನಿಂದ ಶೆಡ್ಡಿಗೆ ಕಿವಿ ತಪಾಸಣೆಯ ವ್ಯಾನು ಕಳಿಸಿದರು. ಕಿವಿ ಮಂದವಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳಕ್ಕೆ ಸದ್ದಿಲ್ಲದ ಪ್ಯಾಕಿಂಗ್ ವಿಭಾಗಕ್ಕೆ ಹಾಕಬೇಕು, ಇದಕ್ಕೆ ಮೂರೂ ಕಡೆಯವರು ಒಪ್ಪಿದ್ದಾರೆ ಎಂದು ಯೂನಿಯನ್ ಮುಖಂಡರು ನಮ್ಮೆದುರು ನಿಂತು ಹೇಳಿದರು. ನಾವು ನಂಬಬೇಕಲ್ಲ! "ಎಲ್ಲ ಸೇರ್ಕೊಂಡು ನಮ್ಮನ್ನ ಮನೆಗೆ ಕಳ್ಸೋ ಪ್ಲಾನು ಕಣೋ ಮಗಾ" ಎಂದು ಪಕ್ಕದ ಪ್ರೆಸ್ಸಿನವನಿಗೆ ನಾನೇ ಹೇಳಿದೆ.

ವ್ಯಾನಿನೊಳಗಿನ ಗಾಜಿನ ಗೂಡಿನಲ್ಲಿ ಕೂತು, ಹೆಡ್‌ಫೋನಿನಲ್ಲಿ ಪೀ ಎಂದು ಕೇಳಿದಾಗ ಕೈ ಎತ್ತಬೇಕು. ನನಗಿಂತ ಮೊದಲು ಹೋದವನು ಹೊರಗೆ ಬಂದು ನನ್ನನ್ನು ನೋಡಿ ತನ್ನ ಬಲಭುಜ ಮುಟ್ಟಿಕೊಂಡ. ಅಷ್ಟು ಸಾಕಾಗಿತ್ತು. ಗಾಜಿನಾಚೆ ಗುಂಡಿ ಒತ್ತುವ ಹುಡುಗಿಯ ಭುಜ ಅಲುಗಿದಾಗಲೆಲ್ಲ ನಾನು ಕೈ ಎತ್ತಿದೆ. ಪೀ ಎನ್ನುವುದು ಒಂದೆರಡು ಸಲ ಕೇಳಿಸಿರಬಹುದು, ಅಷ್ಟೇ. ಹುಡುಗಿ "ಸೂಪರ್ ಸಾರ್" ಎಂಬಂತೆ ಬೆರಳೆತ್ತಿದಳು. ನಾನು ಗೆದ್ದವನ ಹಾಗೆ ಎದೆ ಸೆಟೆಸಿಕೊಂಡು ಆಫೀಸಿನಲ್ಲಿದ್ದ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ.

ಮಾಲೀಕರೂ ಯೂನಿಯನ್ ಮುಖಂಡರೂ ಅಲ್ಲೇ ಇದ್ದರು. ಡಾಕ್ಟರಮ್ಮ ಮಾಸ್ಕ್ ಹಾಕಿದ್ದರು. ಕಣ್ಣು ನನ್ನ ಮೇಲಿತ್ತು, ಏನೋ ಕೇಳಿರಬೇಕು. "ಹೌದು ಮೇಡಂ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಮತ್ತೆ "ಹೌದು ಮೇಡಂ" ಅಂದೆ. ಅವರು ಮಾಸ್ಕ್ ಕೆಳಗೆ ಎಳೆದರು.

"ಆ ಕಿಟಕಿ ಮುಚ್ಚಿ ಅಂತ ಎರಡು ಸಲ ಹೇಳ್ದೆ ಅಣ್ಣ" ಎಂದರು.

ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಮಾಲೀಕರು ನಗಲಿಲ್ಲ, ಬೈಯಲಿಲ್ಲ, ತಾವೇ ಎದ್ದು ಹೋಗಿ ಕಿಟಕಿ ಮುಚ್ಚಿದರು. ಯೂನಿಯನ್ ಮುಖಂಡರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಒಬ್ಬರ ಮುಖ ಒಬ್ಬರು ನೋಡದವರು ನನ್ನಂಥವರಿಗಾಗಿ ಒಂದಾಗಿ ಕೂತಿದ್ದಾರೆ, ನಾನೋ ಅವರ ಕಣ್ಣಿಗೇ ಮಣ್ಣೆರಚಲು ಹೊರಟಿದ್ದೆ. ಥೂ ನನ್ನ ಜನ್ಮಕ್ಕಿಷ್ಟು! ಮತ್ತೆ ವ್ಯಾನಿಗೆ ಕರೆದೊಯ್ದು, ಈ ಸಲ ಹುಡುಗಿಗೆ ಬೆನ್ನು ಮಾಡಿ ಕೂರಿಸಿ ಪರೀಕ್ಷೆ ಮಾಡಿದರು. ಒಂದೆರಡು ಸಲ ಬಿಟ್ಟರೆ ನನ್ನ ಕೈ ತೊಡೆ ಬಿಟ್ಟು ಏಳಲೇ ಇಲ್ಲ. ಮಾರನೆಯ ದಿನದಿಂದ ಪ್ಯಾಕಿಂಗಿಗೆ ಬನ್ನಿ, ಸಂಬಳ ಹಾಗೇ ಇರುತ್ತೆ ಎಂದರು.

ಮನೆಗೆ ಬಂದವನು ಹೆಂಡತಿಗೆ ಬೆನ್ನು ಮಾಡಿ ನಿಂತು, "ಏನಾದ್ರೂ ಮಾತಾಡು, ನೀನು ದಿನಾ ಆಡೋ ಹಾಗೇ" ಅಂದೆ. ದೂರದಲ್ಲೆಲ್ಲೋ ಗೊಣಗಿದಂತಾಯಿತು. ತಿರುಗಿದೆ. ಅವಳು ನನ್ನ ಹಿಂದೆಯೇ ನಿಂತಿದ್ದಳು, ಕತ್ತಿನ ನರ ಉಬ್ಬಿತ್ತು, ಮುಖ ಕೆಂಪಗಾಗಿತ್ತು.

"ಏನಂದೆ?"

"ಕಾಫಿ ಆರ್ತಾ ಇದೆ ಅಂದೆ ಕಣ್ರೀ."

ಅಷ್ಟರಲ್ಲಿ ಓನರಮ್ಮ ಬಾಗಿಲಲ್ಲಿ ಪ್ರತ್ಯಕ್ಷ. "ಮತ್ತೆ ಶುರುವಾಯ್ತಾ ನಿಮ್ದು?"

"ಜಗಳ ಅಲ್ಲಮ್ಮ," ಅಂದೆ. "ನಂಗೆ ಕಿವಿ ಕೇಳಲ್ಲ."

ಓನರಮ್ಮ ಬಾಗಿಲು ಮುಂದೆ ಮಾಡಿಕೊಂಡು ಹೊರಟುಹೋದರು. ಹೆಂಡತಿ ಲೋಟ ತಂದು ನನ್ನೆದುರು ಕೂತು, ನನಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ನಂಗೆ ಯಾವಾಗಲೋ ಗೊತ್ತಿತ್ತು. ವಠಾರದೋರು ನನ್ನನ್ನ ಬಜಾರಿ ಅಂದ್ಕೊಳ್ಳಲಿ, ನಿಮ್ಮನ್ನ ಕಿವುಡ ಅನ್ನೋದು ಬೇಡ ಅಂತ ಸುಮ್ನಿದ್ದೆ."

ಆಮೇಲೂ ಏನೋ ಹೇಳಿದಳು. ಏನೆಂದು ನನಗೆ ಗೊತ್ತಿಲ್ಲ. ತಲೆ ಎತ್ತಿ ಅವಳ ಮುಖ ನೋಡಿದ್ದರೆ ತಿಳಿಯುತ್ತಿತ್ತು, ಎತ್ತಲಾಗಲಿಲ್ಲ.