ಅವ್ವನ ತಲ್ಯಾಗಿನ ಹತ್ತಿ

ಹೆಣ್ಮಕ್ಕಳು ಈಗೀಗ ದುಡ್ಯಾಕ ಹೊಂಟಾರ, ಅದಕ್ಕ ದೇಶ ಬೆಳ್ಯಾಕತ್ತೈತಿ ಅಂತ ಟೀವ್ಯಾಗ ಯಾರರೆ ಹೇಳಿದ್ರ ನನಗ ಸಂಶಯ ಬರತೈತಿ. ಈಗೀಗ ಅಂದ್ರ ಯಾವಾಗಿಂದ್ರಿ? ಇಂಗ್ಲಿಷರು ಇನ್ನೂ ಇಲ್ಲೇ ಇದ್ದಾಗ ನಮ್ಮವ್ವ ಎಲ್ಲಿ ಹೋಗತಿದ್ಲು ಮತ್ತ?

ಹಳೇ ಹುಬ್ಬಳ್ಳ್ಯಾಗ ನಮ್ಮ ಮನಿ. ಊಟ ಆತಂದ್ರ ಅವ್ವ ಸೆರಗು ಹೊತ್ಗೊಂಡು "ಮಠಕ್ಕ ಪುರಾಣ ಕೇಳಾಕ ಹೋಗಿ ಬರ್ತೇನ್ರಿ ಅತ್ತಿ" ಅಂದು ಹೋಗಾಕಿ, ದೀಪಾ ಹಚ್ಚೋ ಹೊತ್ತಿಗೆ ಬರಾಕಿ. ತಲಿ ತುಂಬ ಹತ್ತಿ ಎಳಿ. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಒಂದಿನ ಒಂದು ಎಳಿ ಎತ್ತಿ ಹಿಡದ್ಲು.

"ಇದೇನವಾ?"

"ಮಠದಾಗ ಬತ್ತಿ ಹೊಸದ್ವಿರಿ."

"ದಿನಾ ಬತ್ತಿ? ಅಷ್ಟು ಬತ್ತಿ ಹಚ್ಚಿದ್ರ ಹುಬ್ಬಳ್ಳಿ ಸುಟ್ಟು ಹೋಗಬೇಕಿತ್ತು!"

ಮರುದಿನ ಆಯಿ ನನ್ನ ಕೈ ಹಿಡ್ಕೊಂಡು ಅವ್ವನ ಹಿಂದಿಂದ ಹೊಂಟ್ಲು. ಮಠ ಎಡಕ್ಕ ಉಳೀತು, ಅವ್ವ ಸೀದಾ ನಡದ್ಲು. "ನೋಡಿದಿ? ಯಾವನೋ ಅದಾನ," ಅಂತ ಆಯಿ ಹಲ್ಲು ಕಡದ್ಲು. ಅವ್ವ ಹೊಕ್ಕಿದ್ದು ಹತ್ತಿ ಫ್ಯಾಕ್ಟರಿ ಗೇಟು.

ಸೊಸಿ ಕೂಲಿಗೆ ಹೋಗತಾಳಂತ ತಿಳದ್ರ ಆಯಿ ಮತ್ತ ಆಕಿನ್ನ ಹೊಸ್ತಿಲಾ ದಾಟಗೊಡಾಕಿ ಅಲ್ಲ. ಅವ್ವಗರೆ, ಮೈಗೆ ಹಚ್ಗೊಳ್ಳೋ ಒಂದು ಸಬಕಾರಕ್ಕೂ ಅತ್ತಿ ಮುಂದ ಕೈ ಚಾಚಿ ಚಾಚಿ ಸಾಕಾಗಿತ್ತು.

ನಾವು ಹಿಂದ ಹೋದ್ರ, ಗೇಟಿನಾಗ ಕೂಲಿಯವರ ಮ್ಯಾಲಿನ ಮುಕಾದಮ ಅಡ್ಡ ಬಂದ. "ಎಲ್ಲಿಗಬೇ? ಕೆಲಸದವರಿಗಷ್ಟ ಒಳಗ."

"ನಾ ಏನು ಲಗ್ನಕ್ಕ ಬಂದೇನೇನು? ಕೆಲಸಕ್ಕ ಬಂದೇನಿ, ಸರಿ ಆಚೆ!" ಅಂದ್ಲು ಆಯಿ.

ಒಳಗ ಸಾಲಾಗಿ ಹೆಂಗಸರು ಕುಂತು ಹತ್ತ್ಯಾಗಿನ ಕಸಾ ಆರಿಸಾಕತ್ತಿದ್ರು. ನಮ್ಮನ್ನ ಕಂಡು ಅವ್ವನ ಕೈ ನಿಂತಬಿಡ್ತು. ಆಯಿ ಬಾಜೂಕ ಕುಂತು "ಮನಿಗೆ ನಡಿ, ತೋರಸ್ತೇನಿ" ಅಂತ ಪಿಸುಗುಟ್ಟಿದ್ಲು. ಆದ್ರ ಮುಕಾದಮ ತಲಿ ಮ್ಯಾಲ ನಿಂತಾನ, ಎದ್ದ್ರ ತನ್ನ ಸುಳ್ಳು ಬಯಲಾಗತೈತಿ. ಹಂಗಾಗಿ ಆಕಿನೂ ಆರಿಸಾಕ ಹತ್ತಿದ್ಲು. ಆರಸ್ತಾ ಆರಸ್ತಾ ಸುತ್ತಲೂ ಕಣ್ಣು ಹಾಯಿಸಿದ್ಲು. ಗಂಡಸು ಅಂದ್ರ ಹಲ್ಲಿಲ್ಲದ ಆ ಮುಕಾದಮ ಒಬ್ಬನ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಜೂಕಿನಾಕಿಗೆ ಬೈಯಾಕ ಸುರು ಮಾಡಿದ್ಲು: "ಇದೇನ ಆರಿಸೋದು? ಎಲಿ ಎಲ್ಲಾ ಹಂಗ ಅದಾವಲ್ಲ!"

ಸಂಜಿಗೆ ಕೂಲಿ ಅಂಗೈಗೆ ಬಿತ್ತು. ಖೊಟ್ಟಿ ನಾಣ್ಯ ಇದ್ದೀತಂತ ಆಯಿ ಹಲ್ಲಿಲೆ ಕಡದು ನೋಡಿ, ಸೊಂಟಕ್ಕ ಸಿಗಿಸಿಕೊಂಡ್ಲು.

ಓಣ್ಯಾಗ ಮಗ್ಗಲಮನ್ಯಾಕಿ ಕೇಳಿದ್ಲು, "ಅತ್ತಿ ಸೊಸಿ ತಲ್ಯಾಗ ಏನ್ರಿ ಅದು?"

"ಮಠದಾಗ ಬತ್ತಿ ಹೊಸದ್ವಿ," ಅಂದ್ಲು ಆಯಿ.

ಮರುದಿನ ಅವ್ವನ ಊಟ ಮುಗಿಯೋದ್ರಾಗ ಆಯಿ ಕಚ್ಚಿ ಕಟ್ಟಿ ಬಾಗಲಾಗ ನಿಂತಿದ್ಲು. "ಲಗೂ ನಡಿ. ನಿನ್ನ ಮ್ಯಾಲ ನನಗಿನ್ನೂ ಸಂಶಯ ಐತಿ, ಕಣ್ಣಿಡಬೇಕು."

ಹತ್ತಿ ಸುಗ್ಗಿ ಮುಗಿಯೋತನಕಾ ಆಕಿ ಸಂಶಯ ಹೋಗಲೇ ಇಲ್ಲ. ಅವ್ವ ದಿನಾ ತಲಿ ತಗ್ಗಿಸಿ ಹಿಂದಿಂದ ನಡ್ಯಾಕಿ. ಸೆರಗಿನಾಗ ನಗತಿದ್ಲು ಅಂತ ನನ್ನ ಸಂಶಯ.